ಕತ್ತಿ, ಕೋಲಿನ ಸ್ಪಾರಿಂಗ್‌ಗೆ ಜಾಗ ಎಲ್ಲಿ ಹುಡುಕೋದು? ಯಾವುದು ಆಗುತ್ತದೆ, ಯಾವುದು ಬೇಡ?

ಹೊಸಪಟ್ಟು

ಎಲ್ಲರಿಗೂ ನಮಸ್ಕಾರ. ನಾವು ಐದಾರು ಜನ ಸೇರಿ ಲಾಂಗ್‌ಸೋರ್ಡ್ (ಎರಡು ಕೈಯಲ್ಲಿ ಹಿಡಿಯುವ ಯುರೋಪಿನ ಉದ್ದ ಕತ್ತಿ) ಮತ್ತು ಕೋಲು ಕಲಿಯುತ್ತಿದ್ದೇವೆ. ಇಷ್ಟು ದಿನ ಬರೀ ಹೆಜ್ಜೆ, ಒಂಟಿ ವರಸೆ, ನಿಧಾನವಾಗಿ ಜೋಡಿ ಅಭ್ಯಾಸ. ಅದಕ್ಕೆ ಎಲ್ಲಿಯಾದರೂ ನಡೆಯುತ್ತಿತ್ತು. ಈಗ ಮುಖಕ್ಕೆ ಜಾಲರಿಯ ಮಾಸ್ಕ್, ದಪ್ಪ ಗ್ಲೌಸ್, ಜಾಕೆಟ್ ಎಲ್ಲ ಬಂದಿದೆ, ಪೂರ್ತಿ ವೇಗದಲ್ಲಿ ಸ್ಪಾರಿಂಗ್ ಮಾಡಬೇಕು, ಅಂದರೆ ಎದುರುಬದುರು ನಿಂತು ಹೊಡೆದಾಡಿ ಅಭ್ಯಾಸ ಮಾಡಬೇಕು ಅಂತ ಎಲ್ಲರಿಗೂ ಕೈ ತುರಿಸುತ್ತಿದೆ. ಜಾಗ ಮಾತ್ರ ಇಲ್ಲ. ಕೇಳಿದ ಕಡೆಯಲ್ಲೆಲ್ಲ "ಕತ್ತಿನಾ?" ಅಂತ ಮೇಲಿಂದ ಕೆಳಗೆ ನೋಡಿ ಆಮೇಲೆ "ಆಗಲ್ಲ" ಅನ್ನುತ್ತಾರೆ.

ಸದ್ಯಕ್ಕೆ ಕೈಯಲ್ಲಿರುವುದು ಮೂರು. ಒಬ್ಬ ಗೆಳೆಯನ ಮನೆ ತಾರಸಿ. ಹತ್ತಿರದ ಪಾರ್ಕ್. ಒಂದು ಕರಾಟೆ ಕ್ಲಾಸಿನ ಹಾಲ್, ಅದರ ನೆಲಕ್ಕೆ ಪೂರ್ತಿ ಮೆತ್ತನೆ ಮ್ಯಾಟ್ ಹಾಸಿದ್ದಾರೆ. ಇದರಲ್ಲಿ ಯಾವುದು ಆಗಬಹುದು? ನಮ್ಮ ಹತ್ತಿರ ಇರುವುದು ಉಕ್ಕಿನ ಫೆಡರ್ (ಅಭ್ಯಾಸದ ಮೊಂಡು ಲಾಂಗ್‌ಸೋರ್ಡ್) ನಾಲ್ಕು, ನೈಲಾನ್ ಕತ್ತಿ ಎರಡು, ಆರಡಿ ಕೋಲು ಎರಡು. ತಿಳಿದವರು ಹೇಳಿ.

ಉದ್ದಕೋಲು

ತಾರಸಿಯನ್ನು ಈಗಲೇ ಪಟ್ಟಿಯಿಂದ ತೆಗೆದುಬಿಡಿ. ಸುತ್ತ ಗೋಡೆ ಇದೆ ಅಂತೀರಾ, ಅದು ಸೊಂಟದವರೆಗೆ ಇದ್ದರೆ ಹೆಚ್ಚು. ಸ್ಪಾರಿಂಗ್‌ನಲ್ಲಿ ಹಿಂದೆ ಸರಿಯುವವನು ಹಿಂದೆ ತಿರುಗಿ ನೋಡುವುದಿಲ್ಲ, ನೋಡಿದರೆ ಏಟು ತಿನ್ನುತ್ತಾನೆ. ಮಾಸ್ಕ್ ಹಾಕಿದ ಮೇಲೆ ಕಾಲ ಹತ್ತಿರದ ನೆಲವೂ ಸರಿಯಾಗಿ ಕಾಣುವುದಿಲ್ಲ. ಪೈಪ್, ಬಟ್ಟೆ ಒಣಹಾಕುವ ತಂತಿ, ನೀರು ಹೋಗಲು ಬಿಟ್ಟ ಇಳಿಜಾರು, ಎಲ್ಲ ಅಲ್ಲೇ ಇರುತ್ತದೆ. ಕೈಯಿಂದ ಕತ್ತಿ ಹಾರಿ ಗೋಡೆ ದಾಟಿದರೆ ಕೆಳಗೆ ನಡೆದು ಹೋಗುವವರ ಗತಿ ಏನು?

ಇನ್ನು ಒಳಗಿನ ಜಾಗ. ಹಾಲ್ ನೋಡಲು ಹೋದವರೆಲ್ಲ ಮೊದಲು ನೆಲ ಅಳೆಯುತ್ತಾರೆ. ಮೊದಲು ತಲೆ ಎತ್ತಿ ನೋಡಿ. ಸಾಮಾನ್ಯ ಎತ್ತರದ ಮನುಷ್ಯ ಎರಡೂ ಕೈ ತಲೆ ಮೇಲೆ ಎತ್ತಿ ಹಿಡಿದರೆ ಹಿಡಿ ಸುಮಾರು 2 ಮೀಟರ್ ಎತ್ತರದಲ್ಲಿರುತ್ತದೆ. ಅದರ ಮೇಲೆ ಲಾಂಗ್‌ಸೋರ್ಡ್‌ನ ಅಲಗು ಇನ್ನೊಂದು ಮೀಟರ್. ಅಲ್ಲಿಗೆ 3 ಮೀಟರ್ ಆಯಿತು. ಒಂದು ಹೆಜ್ಜೆ ಹಾರಿ ಹೊಡೆದರೆ ಅದನ್ನೂ ದಾಟುತ್ತದೆ. ಮನೆಗಳ, ಆಫೀಸುಗಳ ಸೂರು ಅಷ್ಟು ಇರುವುದಿಲ್ಲ. ಸೂರು ಇದ್ದರೂ ಫ್ಯಾನ್ ಇರುತ್ತದೆ, ಟ್ಯೂಬ್‌ಲೈಟ್ ಇರುತ್ತದೆ, ಒಂದು ತೊಲೆ ಅಡ್ಡ ಬಂದಿರುತ್ತದೆ. ಆರಡಿ ಕೋಲನ್ನು ತುದಿಯಲ್ಲಿ ಹಿಡಿದು ಬೀಸಿದರಂತೂ 3.5 ಮೀಟರ್ ದಾಟುತ್ತದೆ. 4 ಮೀಟರ್ ಎತ್ತರ ಸಿಕ್ಕದಿದ್ದರೆ ಪೂರ್ತಿ ವೇಗ ಬೇಡ ಅಂತ ನನ್ನ ಲೆಕ್ಕ.

ಸೂರಿಗೆ ತಾಗಿದರೆ ಏನಾಗುತ್ತದೆ ಅಂತ ಸುಮ್ನೆ ಯೋಚಿಸಿ. ಹೊಡೆಯುವವನ ಏಟು ಅರ್ಧಕ್ಕೆ ನಿಲ್ಲುತ್ತದೆ, ಅಲಗು ಯಾವ ಕಡೆ ತಿರುಗುತ್ತದೋ ಗೊತ್ತಿಲ್ಲ, ಎದುರಿನವನು ಬರದ ಏಟಿಗೆ ಕಾಯುತ್ತಿರುತ್ತಾನೆ. ಟ್ಯೂಬ್‌ಲೈಟ್ ಆದರೆ ಗಾಜು ಇಬ್ಬರ ತಲೆ ಮೇಲೂ ಬೀಳುತ್ತದೆ, ಬರಿಗಾಲಲ್ಲಿ ಆಡುವವರಿದ್ದರೆ ಅವತ್ತಿನ ಅಭ್ಯಾಸ ಮುಗಿದಂತೆ. ಇನ್ನೂ ಕೆಟ್ಟದ್ದು ಒಂದಿದೆ. ಸೂರು ತಗ್ಗು ಅಂತ ಗೊತ್ತಾದ ಮೇಲೆ ಎಲ್ಲರೂ ಗೊತ್ತಿಲ್ಲದೆ ಮೊಣಕೈ ಮಡಚಿ ಹೊಡೆಯಲು ಶುರು ಮಾಡುತ್ತಾರೆ. ಆರು ತಿಂಗಳಾದ ಮೇಲೆ ಆ ಅಭ್ಯಾಸ ಬಿಡಿಸುವುದು ಬಹಳ ಕಷ್ಟ.

ಬರಿಗಾಲು

ಕೆಂಡೋ (ಜಪಾನಿನ ಕತ್ತಿ ಕಲೆ) ಕಡೆಯಿಂದ ನನ್ನದೊಂದು ಮಾತು. ಎತ್ತರದ ವಿಚಾರ ಒಪ್ಪುತ್ತೇನೆ, ಆದರೆ ನೆಲವನ್ನು ಎರಡನೇ ಸ್ಥಾನಕ್ಕೆ ತಳ್ಳಬೇಡಿ. ನಮ್ಮಲ್ಲಿ ಪ್ರತಿ ಹೊಡೆತದ ಜೊತೆ ಮುಂಗಾಲನ್ನು ನೆಲಕ್ಕೆ ಅಪ್ಪಳಿಸುತ್ತೇವೆ. ಕೆಳಗೆ ಟೊಳ್ಳಿರುವ, ಸ್ವಲ್ಪ ಬಗ್ಗುವ ಮರದ ನೆಲ ಆದರೆ ಅದು ಹೀರಿಕೊಳ್ಳುತ್ತದೆ. ಕಾಂಕ್ರೀಟ್ ಮೇಲೆ ಟೈಲ್ಸ್ ಹಾಕಿದ ನೆಲ ನೋಡಲು ಚೆಂದ, ನಯವಾಗಿಯೂ ಇರುತ್ತದೆ, ಆದರೆ ಹಿಮ್ಮಡಿಗೂ ಮೊಣಕಾಲಿಗೂ ಅದು ಸಾಲ ಕೊಟ್ಟವನಂತೆ, ಇವತ್ತು ಏನೂ ಹೇಳುವುದಿಲ್ಲ, ಆಮೇಲೆ ಬಡ್ಡಿ ಸಮೇತ ವಸೂಲಿ ಮಾಡುತ್ತದೆ.

ಮ್ಯಾಟ್ ಹಾಲ್ ಬಗ್ಗೆ ಕೇಳಿದ್ದೀರಿ. ಕುಸ್ತಿಗೆ, ಜೂಡೋಗೆ ಮ್ಯಾಟ್ ಬೇಕು, ಯಾಕೆಂದರೆ ಅಲ್ಲಿ ಬೀಳುವುದೇ ಆಟ. ಆಯುಧ ಹಿಡಿದವರು ಬೀಳುವುದಕ್ಕಿಂತ ಓಡಾಡುವುದು ಜಾಸ್ತಿ. ಮೆತ್ತನೆ ಮ್ಯಾಟ್‌ನಲ್ಲಿ ಪಾದ ಹೂತುಕೊಳ್ಳುತ್ತದೆ. ನೀವು ಸೊಂಟ ತಿರುಗಿಸಿ ಹೊಡೆಯುತ್ತೀರಿ, ಪಾದ ಮಾತ್ರ ತಿರುಗುವುದಿಲ್ಲ. ಮಧ್ಯದಲ್ಲಿ ಸಿಕ್ಕಿಕೊಳ್ಳುವುದು ಮೊಣಕಾಲು. ಶೂ ಹಾಕಿದ್ದರೆ ಇನ್ನೂ ಕಷ್ಟ. ಆಮೇಲೆ ಮ್ಯಾಟ್‌ಗಳ ಸಂದು. ಜಿಗ್‌ಸಾ ಥರ ಜೋಡಿಸುವ ಮ್ಯಾಟ್ ಆದರೆ ಅರ್ಧ ಗಂಟೆಯಲ್ಲಿ ಸಂದು ಬಿಡುತ್ತದೆ, ಹೆಬ್ಬೆರಳು ಸರಿಯಾಗಿ ಅಲ್ಲೇ ಹೋಗಿ ಸಿಕ್ಕುತ್ತದೆ. ಗಟ್ಟಿಯಾಗಿ ಒತ್ತಿ ಮಾಡಿದ ತೆಳು ಮ್ಯಾಟ್ ಆದರೆ ಪರವಾಗಿಲ್ಲ. ಹೋಗಿ ಹೆಬ್ಬೆರಳಿನಿಂದ ಒತ್ತಿ ನೋಡಿ. ಬೆರಳು ಸಲೀಸಾಗಿ ಇಳಿದರೆ ಬಿಟ್ಟುಬಿಡಿ.

ಅಳತೆ ಬೇಕಾದರೆ: ಕೆಂಡೋ ಪಂದ್ಯದ ಅಂಗಳ ಒಂದೊಂದು ಬದಿಗೆ 9ರಿಂದ 11 ಮೀಟರ್, ಅದರ ಹೊರಗೆ ಇನ್ನೂ 1.5 ಮೀಟರ್ ಖಾಲಿ ಬಿಡುತ್ತಾರೆ. ಅಷ್ಟು ಪಂದ್ಯಕ್ಕೆ. ಅಭ್ಯಾಸಕ್ಕೆ ಅಷ್ಟು ಬೇಡ. ಆದರೆ ಹೊರಗಿನ ಆ ಒಂದೂವರೆ ಮೀಟರ್ ಅನ್ನುವ ಯೋಚನೆ ಮಾತ್ರ ಬಿಡಬೇಡಿ. ಗೆರೆ ಮುಗಿದ ತಕ್ಷಣ ಗೋಡೆ ಇರಬಾರದು.

ತುದಿಯೇಟು

ಫೆನ್ಸಿಂಗ್‌ನವರು (ಒಲಿಂಪಿಕ್ಸ್‌ನಲ್ಲಿರುವ ಕತ್ತಿ ಆಟ) ಆಡುವ ಅಂಕಣ ನೋಡಿದರೆ ಲೆಕ್ಕ ಬೇರೆಯೇ ಇದೆ. 14 ಮೀಟರ್ ಉದ್ದ, ಅಗಲ 1.5ರಿಂದ 2 ಮೀಟರ್ ಅಷ್ಟೆ. ಹೆಚ್ಚುಕಮ್ಮಿ ಒಂದು ಓಣಿ. ಯಾಕೆಂದರೆ ಅಲ್ಲಿ ಮುಂದೆ ಹಿಂದೆ ಮಾತ್ರ, ಪಕ್ಕಕ್ಕೆ ಸುತ್ತುವುದಿಲ್ಲ. ರೇಪಿಯರ್ ಥರದ ಚುಚ್ಚುವ ಕತ್ತಿಯವರಿಗೆ ಉದ್ದನೆಯ ಕಾರಿಡಾರ್ ಕೂಡ ಸ್ವಲ್ಪ ಮಟ್ಟಿಗೆ ಸಾಕಾಗುತ್ತದೆ, ಸೂರಿನ ಚಿಂತೆಯೂ ಕಮ್ಮಿ. ಲಾಂಗ್‌ಸೋರ್ಡ್‌ನವರು ಸುತ್ತುತ್ತಾರೆ, ಬೀಸುತ್ತಾರೆ. ಅವರಿಗೆ ಚೌಕ ಬೇಕು. ಒಂದು ಜೋಡಿಗೆ 6 ಮೀಟರ್‌ಗೆ 6 ಮೀಟರ್ ಅಂದರೆ ಬಿಗಿ. 8ಕ್ಕೆ 8 ಆದರೆ ನಿರಾಳ.

ಬಯಲುಪ್ರೇಮಿ

ಇಷ್ಟೆಲ್ಲ ಯಾಕೆ ಮಾರಾಯ್ರೇ. ಪಾರ್ಕ್ ಇದೆ ಅಂತ ಅವರೇ ಹೇಳಿದ್ದಾರಲ್ಲ. ಸೂರಿಲ್ಲ, ಗೋಡೆಯಿಲ್ಲ, ಬಾಡಿಗೆಯಿಲ್ಲ. ಹುಲ್ಲಿನ ಮೇಲೆ ಬಿದ್ದರೆ ಪೆಟ್ಟಾಗುವುದಿಲ್ಲ. ಜಾಕೆಟ್ ಒಳಗೆ ಬೆಂದು ಹೋಗುವವರಿಗೆ ಗಾಳಿ ಸಿಗುತ್ತದೆ. ಏರುತಗ್ಗಿನ ನೆಲದಲ್ಲಿ ಆಡಿದರೆ ಹೆಜ್ಜೆಯೂ ಗಟ್ಟಿಯಾಗುತ್ತದೆ. ಹಾಲ್‌ನಲ್ಲಿ ಮಾತ್ರ ಆಡಿದವರನ್ನು ಹೊರಗೆ ಕರೆತನ್ನಿ, ಮೊದಲ ಹತ್ತು ನಿಮಿಷ ಎಡವುತ್ತಾರೆ. ನಾವು ವರ್ಷಗಟ್ಟಲೆ ಬಯಲಲ್ಲೇ ಆಡಿದ್ದೇವೆ.

ಮೂಲೆಬೆಂಚು

ಬಯಲುಪ್ರೇಮಿ ಅವರೇ, ಬಯಲು ಚೆಂದವೇ. ಆದರೆ ನೀವು ಹೇಳದೆ ಬಿಟ್ಟ ವಿಚಾರ ಒಂದಿದೆ. ಹಾಲ್‌ಗೆ ಬಾಗಿಲು ಇರುತ್ತದೆ. ಪಾರ್ಕ್‌ಗೆ ಇಲ್ಲ. ಸ್ಪಾರಿಂಗ್ ಜಾಗ ನೋಡುವಾಗ ನಾನು ಮೊದಲು ಕೇಳುವ ಪ್ರಶ್ನೆ ಇದು: ನಾವು ಆಡುತ್ತಿರುವಾಗ ನಮಗೆ ಗೊತ್ತಾಗದೆ ಇಲ್ಲಿಗೆ ಯಾರು ಬರಬಹುದು?

ಚಿಕ್ಕ ಮಕ್ಕಳು ಕತ್ತಿ ಕಂಡರೆ ದೂರ ನಿಲ್ಲುವುದಿಲ್ಲ, ಓಡಿ ಹತ್ತಿರ ಬರುತ್ತಾರೆ. ಹಿಂದಿನಿಂದ ಬರುತ್ತಾರೆ. ಉದ್ದ ಕತ್ತಿಯನ್ನು ಹಿಂದಕ್ಕೆ ಎಳೆದು ಬೀಸುವವನ ಬೆನ್ನ ಹಿಂದಿನ ಎರಡು ಮೀಟರ್ ಕೂಡ ಅಪಾಯದ ಜಾಗ, ಅದು ಆಡುವವನಿಗೆ ಕಾಣುವುದಿಲ್ಲ. ನಾಯಿಗಳಿಗೆ ಓಡಾಟ, ಕೂಗು ಅಂದರೆ ಆಟ ಅನ್ನಿಸುತ್ತದೆ. ಆಮೇಲೆ ಫೋನ್ ಹಿಡಿದು ವಿಡಿಯೋ ಮಾಡುತ್ತಾ ಪರದೆ ನೋಡಿಕೊಂಡೇ ಮುಂದೆ ಮುಂದೆ ಬರುವ ದೊಡ್ಡವರು. ನನ್ನ ಮಟ್ಟಿಗೆ ಇವರೇ ಎಲ್ಲರಿಗಿಂತ ಕಷ್ಟ. ಮಕ್ಕಳಿಗಾದರೂ ಹೇಳಿದರೆ ಕೇಳುತ್ತಾರೆ.

ದೂರದಿಂದ ನೋಡುವವರ ವಿಚಾರವೂ ಇದೆ. ಮುಖ ಮುಚ್ಚಿಕೊಂಡ ಇಬ್ಬರು ಉಕ್ಕಿನ ಕತ್ತಿಯಲ್ಲಿ ಬಡಿದಾಡುತ್ತಿದ್ದರೆ ಅದು ಆಟ ಅಂತ ಅವರಿಗೆ ಹೇಗೆ ಗೊತ್ತಾಗಬೇಕು? ಪೊಲೀಸರಿಗೆ ಫೋನ್ ಹೋಗುತ್ತದೆ. ಬಂದವರು ಜೋರಾಗಿ "ಕೆಳಗೆ ಹಾಕಿ" ಅಂದಾಗ ಮಾಸ್ಕ್ ಒಳಗಿರುವವನಿಗೆ ಅರ್ಧ ಕೇಳಿಸುವುದಿಲ್ಲ. ಆ ಕ್ಷಣ ಯಾರಿಗೂ ಬೇಡ. ಬಯಲಲ್ಲೇ ಆಡುವುದಾದರೆ ಪಾರ್ಕ್ ನೋಡಿಕೊಳ್ಳುವವರಿಂದ ಬರವಣಿಗೆಯಲ್ಲಿ ಒಪ್ಪಿಗೆ ತೆಗೆದುಕೊಳ್ಳಿ, ಠಾಣೆಗೆ ಮೊದಲೇ ತಿಳಿಸಿ, ಅಲ್ಲಿನ ಕಾನೂನಿನಲ್ಲಿ ಮೊಂಡು ಕತ್ತಿಯನ್ನು ಸಾರ್ವಜನಿಕ ಜಾಗದಲ್ಲಿ ತೆಗೆಯಬಹುದಾ ಅಂತ ಕೇಳಿಕೊಳ್ಳಿ. ಇದು ಒಂದೊಂದು ಕಡೆ ಒಂದೊಂದು ಥರ. ಅಭ್ಯಾಸದ ಕತ್ತಿ ಆದರೂ ದಾರಿಯಲ್ಲಿ ಮುಚ್ಚಿದ ಚೀಲದಲ್ಲೇ ಇರಲಿ.

ಬಯಲುಪ್ರೇಮಿ

ಠಾಣೆಗೆ ತಿಳಿಸಬೇಕು ಅನ್ನುವುದು ಒಪ್ಪುತ್ತೇನೆ. ಮಿಕ್ಕಿದ್ದು ಸ್ವಲ್ಪ ಜಾಸ್ತಿ ಹೆದರಿಸಿದ ಹಾಗಾಯಿತು. ನಾವು ಒಬ್ಬರನ್ನು ಕಾವಲಿಗೆ ನಿಲ್ಲಿಸುತ್ತೇವೆ, ಅವರ ಕೈಯಲ್ಲಿ ಸೀಟಿ. ಸೀಟಿ ಊದಿದರೆ ಇಬ್ಬರೂ ಅಲ್ಲೇ ನಿಂತು ಕತ್ತಿ ಕೆಳಗೆ ಮಾಡಬೇಕು. ನೆಲದಲ್ಲಿ ನಾಲ್ಕು ಮೂಲೆಗೆ ಬಣ್ಣದ ಕೋನ್, ಮಧ್ಯೆ ಹಗ್ಗ. ಬೆಳಿಗ್ಗೆ ಬೇಗ ಹೋದರೆ ಜನ ಕಮ್ಮಿ.

ತುದಿಯೇಟು

ಬೆಳಿಗ್ಗೆ ಬೇಗ ಅಂದಿದ್ದಕ್ಕೆ ನೆನಪಾಯಿತು. ಬೆಳಿಗ್ಗೆ, ಸಂಜೆ ಸೂರ್ಯ ತಗ್ಗಿನಲ್ಲಿರುತ್ತಾನೆ. ಮಾಸ್ಕ್ ಜಾಲರಿ ಮೇಲೆ ನೇರ ಬಿಸಿಲು ಬಿದ್ದರೆ ಒಳಗಿನಿಂದ ಬರೀ ಬಿಳುಪು ಕಾಣುತ್ತದೆ. ಇಬ್ಬರಿಗೂ ಬಿಸಿಲು ಪಕ್ಕದಿಂದ ಬರುವ ಹಾಗೆ ಅಂಕಣ ಹಾಕಿಕೊಳ್ಳಿ. ಮೋಡ ಕವಿದಾಗ, ಮುಸ್ಸಂಜೆಯಲ್ಲಿ ಉಲ್ಟಾ ತೊಂದರೆ. ಜಾಲರಿ ಮೊದಲೇ ಬೆಳಕು ತಿನ್ನುತ್ತದೆ, ಬೂದು ಬಣ್ಣದ ಅಲಗು ಬೂದು ಬೆಳಕಿನಲ್ಲಿ ಕಾಣುವುದೇ ಇಲ್ಲ. ಹಾಲ್‌ಗೂ ಇದೇ ಮಾತು. ಹಗಲಲ್ಲಿ ನೋಡಿ ಒಪ್ಪಿಕೊಂಡು ಬರಬೇಡಿ. ನೀವು ಆಡುವ ಹೊತ್ತಿಗೇ ಹೋಗಿ, ಎಲ್ಲ ದೀಪ ಹಾಕಿಸಿ, ಮಾಸ್ಕ್ ಹಾಕಿಕೊಂಡು ನೋಡಿ.

ಹುಲ್ಲು ಮೆತ್ತಗೆ ಅನ್ನುವುದೂ ಅರ್ಧ ಸತ್ಯ. ಒದ್ದೆ ಹುಲ್ಲು ಜಾರುತ್ತದೆ. ಹುಲ್ಲಿನ ಅಡಿಯಲ್ಲಿ ಗುಂಡಿ ಇದ್ದರೆ ಪಾದ ಹೊರಳುತ್ತದೆ. ಆಡುವ ಮೊದಲು ಆ ಚೌಕದಲ್ಲಿ ಎಲ್ಲರೂ ಸಾಲಾಗಿ ಪಾದ ಎಳೆದುಕೊಂಡು ಒಂದು ಸಲ ನಡೆದುಬಿಡಿ. ಕಲ್ಲು, ಗಾಜಿನ ಚೂರು, ನೀರಿನ ಸ್ಪ್ರಿಂಕ್ಲರ್ ತಲೆ, ಎಲ್ಲ ಕಾಲಿಗೆ ಸಿಗುತ್ತದೆ.

ಬೀಗದಕೈ

ನಾನು ಕತ್ತಿ ಹಿಡಿಯುವವಳಲ್ಲ. ಒಂದು ಆಟದ ಸಂಕೀರ್ಣದ ಹಾಲ್‌ಗಳನ್ನು ನೋಡಿಕೊಳ್ಳುವ ಕೆಲಸ. ನಿಮ್ಮಂಥವರು ಬಂದು ಕೇಳಿದಾಗ "ಆಗಲ್ಲ" ಅನ್ನುವವರಲ್ಲಿ ನಾನೂ ಒಬ್ಬಳು, ಹಾಗಾಗಿ ಮೇಜಿನ ಆ ಕಡೆಯ ಮಾತು ಹೇಳುತ್ತೇನೆ.

ನಮಗೆ ಕತ್ತಿ ಅಂದರೆ ಭಯ ಅಂತ ನೀವು ಅಂದುಕೊಳ್ಳುತ್ತೀರಿ. ನಿಜ ಹೇಳಬೇಕೆಂದರೆ ಭಯ ನೆಲದ ಬಗ್ಗೆ. ಮರದ ನೆಲಕ್ಕೆ ಒಂದು ಸಲ ಉಕ್ಕಿನ ತುದಿ ಬಿದ್ದರೆ ಆ ಗುಂಡಿ ವಾರ್ನಿಷ್ ಒಳಗೆ ಹೋಗಿರುತ್ತದೆ, ಅಲ್ಲಿಂದ ಬೆವರು, ನೀರು ಇಳಿದು ಹಲಗೆ ಉಬ್ಬುತ್ತದೆ. ಮಾರನೆಯ ದಿನ ಅದೇ ಜಾಗದಲ್ಲಿ ಯಾರೋ ಬರಿಗಾಲಲ್ಲಿ ಕುಣಿಯುತ್ತಾರೆ, ಸಿಬಿರು ಚುಚ್ಚುತ್ತದೆ, ದೂರು ನನಗೆ ಬರುತ್ತದೆ. ಎರಡನೆಯದು ದೀಪ. ಮೂರನೆಯದು, ಯಾರಿಗಾದರೂ ಪೆಟ್ಟಾದರೆ ಯಾರ ವಿಮೆ? ಈ ಮೂರಕ್ಕೆ ಉತ್ತರ ಹಿಡಿದುಕೊಂಡು ಬಂದವರಿಗೆ ನಾನು ಇಲ್ಲ ಅನ್ನುವುದು ಕಷ್ಟ.

ಬರುವಾಗ ಹೀಗೆ ಬನ್ನಿ. ಮೊದಲ ದಿನ ಕತ್ತಿ ತರಬೇಡಿ. ಮಾಸ್ಕ್ ಮತ್ತು ಗ್ಲೌಸ್ ತನ್ನಿ, ಮೇಜಿನ ಮೇಲೆ ಇಡಿ. ಮಾಸ್ಕ್ ಕಂಡ ತಕ್ಷಣ ಎದುರಿಗಿರುವವರ ತಲೆಯಲ್ಲಿ ಅದು ಜಗಳದಿಂದ ಆಟಕ್ಕೆ ಬದಲಾಗುತ್ತದೆ. "ತುದಿಗೆ ರಬ್ಬರ್ ಹಾಕುತ್ತೇವೆ, ಗುರುತು ಬೀಳದ ಅಡಿಯ ಶೂ ಹಾಕುತ್ತೇವೆ, ಆಡದಾಗ ಕತ್ತಿಯನ್ನು ನೆಲಕ್ಕೆ ಊರಿ ನಿಲ್ಲುವುದಿಲ್ಲ, ಗೋಡೆಗೆ ಒರಗಿಸುವುದಿಲ್ಲ" ಅಂತ ನೀವೇ ಹೇಳಿ. ಆ ಕೊನೆಯ ಎರಡು ಮಾತು ಹೇಳಿದವರನ್ನು ನಾನು ನಂಬುತ್ತೇನೆ, ಯಾಕೆಂದರೆ ಹೆಚ್ಚಿನ ಗುಂಡಿ ಬೀಳುವುದು ಆಡುವಾಗ ಅಲ್ಲ, ವಿರಾಮದಲ್ಲಿ ಕತ್ತಿ ಊರಿಕೊಂಡು ಹರಟೆ ಹೊಡೆಯುವಾಗ.

ಖಾಲಿ ಇರುವ ಹೊತ್ತು ಕೇಳಿ. ಮಧ್ಯಾಹ್ನ, ರಾತ್ರಿ ಮುಚ್ಚುವ ಮೊದಲಿನ ಕೊನೆಯ ಹೊತ್ತು, ಯಾರೂ ಬಾರದ ವಾರದ ದಿನಗಳು. ಸಂಜೆ ಆರಕ್ಕೆ ಹಾಲ್ ಕೇಳಿದರೆ ಬ್ಯಾಡ್ಮಿಂಟನ್‌ನವರನ್ನು ಎಬ್ಬಿಸಿ ನಿಮಗೆ ಕೊಡಬೇಕಾಗುತ್ತದೆ, ಅದು ಆಗುವ ಮಾತಲ್ಲ. ಒಂದು ತಿಂಗಳಿಗೆ ಅಂತ ಕೇಳಿ, ವರ್ಷಕ್ಕೆ ಅಂತ ಕೇಳಬೇಡಿ.

ಹೊಸಪಟ್ಟು

ಬೀಗದಕೈ ಅವರಿಗೆ ಬಹಳ ಥ್ಯಾಂಕ್ಸ್. ನಾವು ಇಷ್ಟು ದಿನ ಕತ್ತಿ ಹಿಡಿದುಕೊಂಡೇ ಹೋಗಿ ಕೇಳುತ್ತಿದ್ದೆವು, ಅದಕ್ಕೇ ಆ ನೋಟ!

ಬ್ಯಾಡ್ಮಿಂಟನ್ ಅಂದಿದ್ದಕ್ಕೆ ಕೇಳುತ್ತೇನೆ. ನಮ್ಮ ಕಡೆ ಒಂದು ಕಟ್ಟಡದಲ್ಲಿ ಬ್ಯಾಡ್ಮಿಂಟನ್ ಅಂಕಣಗಳಿವೆ, ಕೆಳಗೆ ಒಂದು ಸ್ಕ್ವಾಷ್ ಕೋರ್ಟ್ ಇದೆ, ಅದಕ್ಕೆ ಹೆಚ್ಚು ಜನ ಬರುವುದಿಲ್ಲ. ಡ್ಯಾನ್ಸ್ ಕ್ಲಾಸಿನ ಹಾಲ್ ಒಂದಿದೆ, ಮರದ ನೆಲ, ಬಹಳ ಚೆನ್ನಾಗಿದೆ. ಯಾವುದಕ್ಕೆ ಕೇಳಲಿ?

ಉದ್ದಕೋಲು

ಡ್ಯಾನ್ಸ್ ಹಾಲ್ ನೆಲ ನಮ್ಮ ಕೆಲಸಕ್ಕೆ ಹೇಳಿ ಮಾಡಿಸಿದ್ದು. ಆದರೆ ಒಂದು ಗೋಡೆ ಪೂರ್ತಿ ಕನ್ನಡಿ. ಒಂಟಿ ವರಸೆಗೆ ಆ ಕನ್ನಡಿಯಷ್ಟು ಒಳ್ಳೆಯ ಗುರು ಇಲ್ಲ, ಸ್ಪಾರಿಂಗ್‌ಗೆ ಅದರಷ್ಟು ಕೆಟ್ಟ ಗೋಡೆ ಇಲ್ಲ. ಸೂರೂ ಹೆಚ್ಚಾಗಿ ತಗ್ಗು. ಅಲ್ಲಿ ಹೆಜ್ಜೆ ಮತ್ತು ನಿಧಾನದ ಜೋಡಿ ಅಭ್ಯಾಸ ಇಟ್ಟುಕೊಳ್ಳಿ.

ಬ್ಯಾಡ್ಮಿಂಟನ್ ಹಾಲ್ ನನ್ನ ಮೊದಲ ಆಯ್ಕೆ. ಯಾಕೆ ಅಂದರೆ ಆ ಆಟಕ್ಕೇ ಎತ್ತರ ಬೇಕು. ದೊಡ್ಡ ಪಂದ್ಯಗಳಿಗೆ ಅಂಕಣದ ಮೇಲೆ 12 ಮೀಟರ್ ಖಾಲಿ ಕೇಳುತ್ತಾರೆ. ಊರಿನ ಹಾಲ್‌ಗಳಲ್ಲಿ ಅಷ್ಟು ಇಲ್ಲದಿದ್ದರೂ ನಮಗೆ ಬೇಕಾದ 4 ಮೀಟರ್ ಖಂಡಿತ ಇರುತ್ತದೆ. ದೀಪಗಳೂ ಹೆಚ್ಚಾಗಿ ಪಕ್ಕದಲ್ಲಿರುತ್ತವೆ. ಒಂದು ಅಂಕಣ 13.4 ಮೀಟರ್ ಉದ್ದ, 6.1 ಮೀಟರ್ ಅಗಲ. ನೆಟ್, ಕಂಬ ತೆಗೆದರೆ ಎರಡು ಜೋಡಿ ಹಿಡಿಯುತ್ತದೆ ಅಂತ ಕಾಗದದ ಮೇಲೆ ಅನ್ನಿಸುತ್ತದೆ. ನಾನು ಒಂದೇ ಜೋಡಿ ಬಿಡುತ್ತೇನೆ, ಮಿಕ್ಕವರು ಗೋಡೆ ಹತ್ತಿರ. ಎರಡು ಜೋಡಿ ಬೆನ್ನು ಬೆನ್ನಿಗೆ ಆಡುವಾಗ ಹಿಂದೆ ಸರಿದವನ ತಲೆ ಹಿಂಭಾಗಕ್ಕೆ ಪಕ್ಕದ ಜೋಡಿಯ ಏಟು ಬೀಳುವುದು ಸಾಮಾನ್ಯ. ಫೆನ್ಸಿಂಗ್ ಮಾಸ್ಕ್ ಹಿಂಭಾಗವನ್ನು ಕಾಯುವುದಿಲ್ಲ, ಅದಕ್ಕೆ ಬೇರೆ ಹೊದಿಕೆ ಬೇಕು. ಅದು ಇದೆಯಾ ನೋಡಿಕೊಳ್ಳಿ.

ಪಕ್ಕದ ಅಂಕಣದಲ್ಲಿ ಬೇರೆಯವರು ಆಡುತ್ತಿದ್ದರೆ ಬೇಡ. ಅವರ ಶಟಲ್ ನಿಮ್ಮ ಕಾಲಡಿಗೆ ಬರುತ್ತದೆ, ಅದನ್ನು ಹೆಕ್ಕಲು ಅವರು ನೋಡದೆ ನುಗ್ಗುತ್ತಾರೆ. ಅವರ ತಪ್ಪಲ್ಲ, ಅಲ್ಲಿ ಅದೇ ರೂಢಿ.

ಬೀಗದಕೈ

ಸೇರಿಸುತ್ತೇನೆ. ಬ್ಯಾಡ್ಮಿಂಟನ್‌ಗೆ ಹಾಕುವ ಹಸಿರು ಸಿಂಥೆಟಿಕ್ ಹಾಸು ಉಕ್ಕಿನ ತುದಿಗೆ ಸೀಳುತ್ತದೆ. ಮರದ ನೆಲದ ಅಂಕಣ ಇದ್ದರೆ ಅದನ್ನೇ ಕೇಳಿ. ಹಾಸು ಇರುವ ಅಂಕಣ ಆದರೆ ನೈಲಾನ್ ಮಾತ್ರ ಅಂತ ನೀವೇ ಮೊದಲು ಹೇಳಿಬಿಡಿ.

ಬರಿಗಾಲು

ಸ್ಕ್ವಾಷ್ ಕೋರ್ಟನ್ನು ಯಾರೂ ಮುಟ್ಟಲಿಲ್ಲ. ನನಗೆ ಅದು ಬಹಳ ಇಷ್ಟದ ಜಾಗ. 9.75 ಮೀಟರ್ ಉದ್ದ, 6.4 ಮೀಟರ್ ಅಗಲ, ಎತ್ತರ ಐದೂವರೆ ಮೀಟರ್‌ಗಿಂತ ಜಾಸ್ತಿ. ಒಳ್ಳೆಯ ಕೋರ್ಟ್ ಆದರೆ ಬಗ್ಗುವ ಮರದ ನೆಲ. ಕಂಬ ಇಲ್ಲ, ಕುರ್ಚಿ ಇಲ್ಲ, ಫ್ಯಾನ್ ಇಲ್ಲ. ಎಲ್ಲಕ್ಕಿಂತ ದೊಡ್ಡದು, ಒಂದೇ ಬಾಗಿಲು. ಮೂಲೆಬೆಂಚು ಅವರ ಪ್ರಶ್ನೆಗೆ ಇದಕ್ಕಿಂತ ಒಳ್ಳೆಯ ಉತ್ತರ ಇಲ್ಲ. ಒಳಗೆ ಯಾರಿದ್ದಾರೆ ಅಂತ ಯಾವಾಗಲೂ ಗೊತ್ತಿರುತ್ತದೆ.

ತೊಂದರೆಗಳೂ ಇವೆ. ಸದ್ದು ಮೊದಲನೆಯದು. ನಾಲ್ಕು ಗಟ್ಟಿ ಗೋಡೆ ಮಧ್ಯೆ ಉಕ್ಕಿಗೆ ಉಕ್ಕು ತಾಗಿದರೆ ಕಿವಿ ಜುಮ್ಮೆನ್ನುತ್ತದೆ, "ನಿಲ್ಲಿಸಿ" ಅಂತ ಕೂಗಿದ್ದು ಪ್ರತಿಧ್ವನಿಯಲ್ಲಿ ಕಲಸಿಹೋಗುತ್ತದೆ. ಅಲ್ಲಿ ಕೂಗುವುದಕ್ಕಿಂತ ಸೀಟಿ ಒಳ್ಳೆಯದು. ಎರಡನೆಯದು, ಹಿಂದಿನ ಗೋಡೆ ಗಾಜಿನದಾಗಿದ್ದರೆ ಉಕ್ಕು ಬೇಡವೇ ಬೇಡ. ಆ ಗಾಜು ಚೆಂಡಿಗೆ, ಮೈಗೆ ತಡೆಯುತ್ತದೆ, ಗಟ್ಟಿ ಚೂಪು ತುದಿಯ ಏಟು ಬೇರೆ ಲೆಕ್ಕ. ಮುಂದಿನ ಗೋಡೆಯ ಬುಡದಲ್ಲಿ ಅರ್ಧ ಮೀಟರ್ ಎತ್ತರಕ್ಕೆ ತಗಡಿನ ಪಟ್ಟಿ ಇರುತ್ತದೆ, ಹಿಮ್ಮಡಿ ಅದಕ್ಕೆ ಬಡಿಯುತ್ತದೆ. ಹಾಗಾಗಿ ಗೋಡೆಯಿಂದ ಒಂದು ಮೀಟರ್ ಒಳಗೆ ನೆಲಕ್ಕೆ ಅಂಟು ಟೇಪ್ ಹಾಕಿ, ಅದನ್ನು ದಾಟಿದರೆ ಆಟ ನಿಲ್ಲಬೇಕು ಅಂತ ಮಾಡಿಕೊಳ್ಳಿ. ಒಂದೇ ಜೋಡಿ, ಒಬ್ಬ ನೋಡುವವನು. ಆ ನೋಡುವವನಿಗೂ ಮಾಸ್ಕ್.

ಹೊಸಪಟ್ಟು

ನೋಡುವವನಿಗೂ ಮಾಸ್ಕಾ? ಅದು ಯಾಕೆ?

ತುದಿಯೇಟು

ಅಲಗು ಮುರಿಯುತ್ತದೆ, ಅದಕ್ಕೆ. 1982ರಲ್ಲಿ ರೋಮ್‌ನಲ್ಲಿ ನಡೆದ ಫೆನ್ಸಿಂಗ್ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಸೋವಿಯತ್ ಒಕ್ಕೂಟದ ವ್ಲಾದಿಮಿರ್ ಸ್ಮಿರ್ನೋವ್ ಆಡುತ್ತಿದ್ದಾಗ ಎದುರಾಳಿಯ ಫಾಯಿಲ್ (ಚುಚ್ಚುವ ಹಗುರ ಕತ್ತಿ) ಮುರಿಯಿತು, ಮುರಿದ ತುದಿ ಅವರ ಮಾಸ್ಕ್ ಜಾಲರಿಯನ್ನೇ ತೂರಿಕೊಂಡು ಹೋಯಿತು. ಅವರು ಬದುಕಲಿಲ್ಲ. ಒಲಿಂಪಿಕ್ ಚಿನ್ನ ಗೆದ್ದವರು, ಹೊಸಬರಲ್ಲ. ಆಮೇಲೆ ಮಾಸ್ಕ್, ಬಟ್ಟೆ, ಅಲಗಿನ ಉಕ್ಕು, ಎಲ್ಲದರ ನಿಯಮ ಬಿಗಿಯಾಯಿತು. ಇವತ್ತಿನ ಸಾಧನಗಳು ಆಗಿನದಕ್ಕಿಂತ ಎಷ್ಟೋ ಗಟ್ಟಿ. ಆದರೂ ಅಲಗು ಮುರಿಯುವುದು ನಿಂತಿಲ್ಲ, ಮುರಿದ ಚೂರು ಹಾರುತ್ತದೆ. ಆಡುವವರು ಮಾಸ್ಕ್ ಒಳಗಿರುತ್ತಾರೆ, ಪಕ್ಕದಲ್ಲಿ ಕೂತು ನೀರು ಕುಡಿಯುವವನ ಕಣ್ಣಿಗೆ ಏನು ಅಡ್ಡ ಇದೆ? ಚಿಕ್ಕ ಜಾಗದಲ್ಲಿ ಇದೇ ದೊಡ್ಡ ತೊಂದರೆ. ಕೂರುವವರಿಗೆ ಬೇರೆ ಕೋಣೆ ಅಥವಾ ಸಾಕಷ್ಟು ದೂರ ಇಲ್ಲದಿದ್ದರೆ ಅವರೂ ಮಾಸ್ಕ್ ಹಾಕಬೇಕು.

ಬರಿಗಾಲು

ಬಿದಿರಿನವರೂ ಸುಮ್ಮನಿರುವ ಹಾಗಿಲ್ಲ. ಕೆಂಡೋದಲ್ಲಿ ಹಿಡಿಯುವ ಶಿನಾಯ್ ಅಂದರೆ ನಾಲ್ಕು ಬಿದಿರ ಸೀಳು ಕಟ್ಟಿದ್ದು. ಒಂದು ಸೀಳಿನ ಅಂಚು ಸಿಬಿರೆದ್ದಿದ್ದರೆ ಅದು ಮುಖದ ಕಂಬಿಗಳ ಸಂದಿನಲ್ಲಿ ನುಗ್ಗಬಹುದು. ಪ್ರತಿ ಸಲ ಶುರು ಮಾಡುವ ಮೊದಲು ಉದ್ದಕ್ಕೂ ಬೆರಳಾಡಿಸಿ ನೋಡುತ್ತೇವೆ. ಹಾಲ್‌ನ ಗಾಳಿ ತುಂಬಾ ಒಣಗಿದ್ದರೆ ಬಿದಿರು ಬೇಗ ಸೀಳುತ್ತದೆ, ಎಣ್ಣೆ ಹಚ್ಚಿ ಇಡಬೇಕು.

ಜೋಡಿಬೆತ್ತ

ಎಲ್ಲರೂ ಆಯುಧಕ್ಕೆ ತಕ್ಕ ಜಾಗ ಹುಡುಕುತ್ತಿದ್ದೀರಿ. ಸ್ವಲ್ಪ ಉಲ್ಟಾ ಯೋಚಿಸಿ. ಸಿಕ್ಕ ಜಾಗಕ್ಕೆ ತಕ್ಕ ಆಯುಧ ಹಿಡಿಯಿರಿ.

ನಾನು ಎಸ್ಕ್ರಿಮಾದವನು, ಅಂದರೆ ಫಿಲಿಪ್ಪೀನ್ಸ್‌ನ ಬೆತ್ತದ ಕಲೆ. ನಮ್ಮ ಬೆತ್ತ ಸುಮಾರು 71 ಸೆಂಟಿಮೀಟರ್. ಒಂದು ಕೈಯಲ್ಲಿ ಹಿಡಿಯುತ್ತೇವೆ, ಏಟು ಹೆಚ್ಚಾಗಿ ಓರೆಯಾಗಿ ಬರುತ್ತದೆ, ತಲೆ ಮೇಲೆ ಅಷ್ಟು ಎತ್ತರ ಬೇಕಾಗುವುದಿಲ್ಲ. ಬೆತ್ತ ಗಟ್ಟಿ ಮರದ ಥರ ಪಟ್ ಅಂತ ಮುರಿದು ಚೂಪಾಗುವುದಿಲ್ಲ, ನಾರು ನಾರಾಗಿ ಬಿಚ್ಚಿಕೊಳ್ಳುತ್ತದೆ. 4 ಮೀಟರ್ ಚೌಕ ಸಿಕ್ಕರೆ ಇಬ್ಬರು ಆರಾಮಾಗಿ ಆಡಬಹುದು. ಮರದ ಚಾಕು ಆದರೆ ಅದಕ್ಕಿಂತ ಚಿಕ್ಕ ಜಾಗ ಸಾಕು. ನೀವು ಲಾಂಗ್‌ಸೋರ್ಡ್‌ನವರು ಅಂತ ಗೊತ್ತು, ಆದರೆ ದೂರ ಅಳೆಯುವುದು, ಏಟಿನ ಸಮಯ ಹಿಡಿಯುವುದು, ಹೊಡೆದ ಮೇಲೆ ಕ್ಷೇಮವಾಗಿ ಹೊರಗೆ ಬರುವುದು, ಇದೆಲ್ಲ ಚಿಕ್ಕ ಆಯುಧದಲ್ಲೂ ಅದೇ.

ಹಳಬರು ಮಾಡಿದ್ದೂ ಇದನ್ನೇ. ಕೇರಳದ ಕಳರಿಪಯಟ್ಟಿನ ಅಭ್ಯಾಸದ ಜಾಗ, ಕಳರಿ ನೋಡಿ. ಹಳೆಯ ಅಳತೆ 42 ಅಡಿ ಉದ್ದ, 21 ಅಡಿ ಅಗಲ. ನೆಲವನ್ನು ಅಗೆದು ತಗ್ಗು ಮಾಡಿ ಮೇಲೆ ಸೂರು ಕಟ್ಟುತ್ತಿದ್ದರು. ತಂಪು, ಗಾಳಿ ನುಗ್ಗುವುದಿಲ್ಲ, ಮಣ್ಣಿನ ನೆಲ, ಹೊರಗಿನವರಿಗೆ ಒಳಗೆ ಏನು ನಡೆಯುತ್ತಿದೆ ಅಂತ ಕಾಣುವುದಿಲ್ಲ. ನೀವು ಇಲ್ಲಿ ಮಾತಾಡುತ್ತಿರುವ ನೆಲ, ಬಾಗಿಲು, ಬೆಳಕು, ನೋಡುವವರ ಕಾಟ, ಎಲ್ಲದಕ್ಕೂ ಒಂದೇ ಗುಂಡಿಯಲ್ಲಿ ಉತ್ತರ ಇತ್ತು. ಕೋಲು, ಕತ್ತಿ, ಗುರಾಣಿ ಎಲ್ಲ ಅದರೊಳಗೇ ಕಲಿಸುತ್ತಿದ್ದರು.

ಉದ್ದಕೋಲು

ಜೋಡಿಬೆತ್ತ ಹೇಳಿದ್ದು ಅರ್ಧ ಒಪ್ಪುತ್ತೇನೆ. ಜಾಗ ಸಿಗುವವರೆಗೆ ಚಿಕ್ಕ ಆಯುಧದಲ್ಲಿ ಆಡಿ, ಸರಿ. ಆದರೆ ಲಾಂಗ್‌ಸೋರ್ಡ್ ಕಲಿಯಬೇಕು ಅಂತ ಬಂದವರು ಬೆತ್ತ ಹಿಡಿದು ಸಮಾಧಾನ ಮಾಡಿಕೊಂಡರೆ ಆಮೇಲೆ ಅದರಲ್ಲೇ ಉಳಿದುಬಿಡುತ್ತಾರೆ. ಎರಡು ಕೈಯ ಕತ್ತಿಯ ದೂರ ಬೇರೆ, ಹೆಜ್ಜೆ ಬೇರೆ.

ಜೋಡಿಬೆತ್ತ

ಬೆತ್ತದಲ್ಲೇ ಉಳಿದರೆ ಏನು ನಷ್ಟ ಗುರುಗಳೇ 😄

ಮೂಲೆಬೆಂಚು

ಇಬ್ಬರೂ ಬೇರೆ ಕಡೆ ಹೋಗಿ ಜಗಳ ಆಡಿ, 8ಕ್ಕೆ 8 ಮೀಟರ್ ಜಾಗ ನಾನು ಕೊಡಿಸುತ್ತೇನೆ.

ಯಾರೂ ಹೇಳದ ಎರಡು ವಿಚಾರ ಇದೆ. ಒಂದು, ಗಾಳಿ. ದಪ್ಪ ಜಾಕೆಟ್, ಗ್ಲೌಸ್, ಮಾಸ್ಕ್ ಹಾಕಿ ಪೂರ್ತಿ ವೇಗದಲ್ಲಿ ಆಡಿದರೆ ಮೈ ಬಿಸಿ ಹೊರಗೆ ಹೋಗಲು ದಾರಿಯೇ ಇಲ್ಲ. ಕಿಟಕಿ ಇಲ್ಲದ ನೆಲಮಾಳಿಗೆ, ಮುಚ್ಚಿದ ಸ್ಕ್ವಾಷ್ ಕೋರ್ಟ್, ಇಲ್ಲೆಲ್ಲ ತಲೆ ಸುತ್ತುವುದು ಬೇಗ. ತಲೆ ಸುತ್ತಿದವನು ತನಗೆ ಏನೂ ಆಗಿಲ್ಲ ಅಂತಲೇ ಹೇಳುತ್ತಾನೆ. ಸೂರಿನ ಫ್ಯಾನ್ ಇರುವ ಹಾಲ್‌ಗಿಂತ ಗೋಡೆ ಫ್ಯಾನ್ ಇರುವ ಹಾಲ್ ನೋಡಿ. ಆಟವನ್ನು ಎರಡು ಎರಡು ನಿಮಿಷಕ್ಕೆ ನಿಲ್ಲಿಸಿ ಮಾಸ್ಕ್ ತೆಗೆಸಿ.

ಇನ್ನೊಂದು, ಹೊರಗೆ ಹೋಗುವ ದಾರಿ. ರಾತ್ರಿ ಕೊನೆಯ ಹೊತ್ತು ಹಾಲ್ ಸಿಕ್ಕಿತು ಅಂದುಕೊಳ್ಳಿ. ಆ ಹೊತ್ತಿಗೆ ಮುಖ್ಯ ಗೇಟ್‌ಗೆ ಬೀಗ ಬಿದ್ದಿರುತ್ತದಾ? ಬೀಗದ ಕೈ ಯಾರ ಹತ್ತಿರ? ಒಳಗೆ ಫೋನ್ ಸಿಗ್ನಲ್ ಸಿಗುತ್ತದಾ? ಬೆರಳು ಮುರಿದರೆ ಕಾರಲ್ಲಿ ಹೋಗಬಹುದು. ತಲೆಗೆ ಪೆಟ್ಟಾದರೆ ಆಂಬುಲೆನ್ಸ್ ಬಾಗಿಲವರೆಗೆ ಬರಬೇಕು. ಪಾರ್ಕ್‌ನ ಮಧ್ಯದಲ್ಲಿ ಆಡುವವರೂ ಇದನ್ನು ಯೋಚಿಸಿ, "ದೊಡ್ಡ ಮರದ ಪಕ್ಕ" ಅಂತ ಫೋನ್‌ನಲ್ಲಿ ಹೇಳಿದರೆ ಯಾರಿಗೂ ಗೊತ್ತಾಗುವುದಿಲ್ಲ.

ಹೊಸಪಟ್ಟು

ಎಲ್ಲ ಬರೆದುಕೊಂಡೆ. ಸ್ಕ್ವಾಷ್ ಕೋರ್ಟ್‌ನವರ ಹತ್ತಿರ ಮಾಸ್ಕ್, ಗ್ಲೌಸ್ ಹಿಡಿದುಕೊಂಡು ಹೋಗಿ ಮಾತಾಡಿ ಬಂದೆವು. ನೈಲಾನ್ ಕತ್ತಿಗೆ ಮಧ್ಯಾಹ್ನದ ಹೊತ್ತು ಕೊಡುತ್ತೇವೆ, ಮೊದಲು ಒಂದು ತಿಂಗಳು ನೋಡೋಣ ಅಂದಿದ್ದಾರೆ. ಹಿಂದಿನ ಗೋಡೆ ಗಾಜಲ್ಲ, ಇಟ್ಟಿಗೆಯದೇ. ಉಕ್ಕಿನ ಫೆಡರ್‌ಗೆ ಬ್ಯಾಡ್ಮಿಂಟನ್ ಹಾಲ್‌ನವರನ್ನು ಆಮೇಲೆ ಕೇಳುತ್ತೇವೆ, ಅವರದ್ದು ಮರದ ನೆಲ.

ಆರಡಿ ಕೋಲು ಮಾತ್ರ ಎಲ್ಲಿ ಆಡುವುದು ಅಂತ ಗೊತ್ತಾಗಲಿಲ್ಲ. ಸ್ಕ್ವಾಷ್ ಕೋರ್ಟ್‌ನಲ್ಲಿ ಎತ್ತರ ಸಾಕು, ಅಗಲ?

ಉದ್ದಕೋಲು

ಅಗಲ ಸಾಲದು. ಇಬ್ಬರೂ ಕೋಲು ಚಾಚಿ ನಿಂತರೆ ಮಧ್ಯದಲ್ಲೇ 4 ಮೀಟರ್ ಹೋಗುತ್ತದೆ, ಹಿಂದೆ ಸರಿಯಲು ಏನೂ ಉಳಿಯುವುದಿಲ್ಲ. ಗೋಡೆಗೆ ತಾಗಿದ ಕೋಲು ಹಿಡಿದವನ ಹೆಬ್ಬೆರಳನ್ನೇ ಮೊದಲು ಹಿಡಿಯುತ್ತದೆ. ಕೋಲಿಗೆ ಬಯಲೇ ಸರಿ, ಇಲ್ಲಿ ನಾನು ಬಯಲುಪ್ರೇಮಿ ಪಕ್ಷ. ಒಂದು ಜೋಡಿಗೆ 10 ಮೀಟರ್ ಚೌಕ ಹಗ್ಗ ಕಟ್ಟಿ, ತುದಿಗೆ ದಪ್ಪ ಸ್ಪಂಜ್ ಸುತ್ತಿ. ಸ್ಪಂಜ್ ಸುತ್ತಿದರೂ ಕೋಲಿನ ಏಟಿನ ತೂಕ ಕಮ್ಮಿಯಾಗುವುದಿಲ್ಲ, ಹಾಗಾಗಿ ತಲೆಗೆ ಅರ್ಧ ಬಲ ಅಂತ ಮೊದಲೇ ಮಾತಾಡಿಕೊಳ್ಳಿ.

ಬಯಲುಪ್ರೇಮಿ

ಕೊನೆಗೂ! ಸೀಟಿ ಮರೆಯಬೇಡಿ. ಕಾವಲಿಗೆ ನಿಂತವನ ಕೈಗೆ ಫೋನ್ ಕೊಡಬೇಡಿ, ಅವನೂ ವಿಡಿಯೋ ಮಾಡಲು ಶುರು ಮಾಡುತ್ತಾನೆ.